ಹೆರಿಗೆ ಎಲ್ಲಿ? ಮನೆಯಿಂದ ನರ್ಸಿಂಗ್ ಹೋಮ್‌ವರೆಗೆ, ಹಾಸನ–ಚಿಕ್ಕಮಗಳೂರಿನವರಿಗೆ ಒಂದು ಹೋಲಿಕೆ

ಹೆರಿಗೆ ಎಲ್ಲಿ ಮಾಡಿಸುವುದು ಅಂತ ಇತ್ತೀಚೆಗೆ ಮೂರು ಜನ ಓದುಗರು ಕೇಳಿದ್ದಾರೆ. ಬಾಳ್ಳುಪೇಟೆ ಕಡೆಯ ಒಬ್ಬರ ಅಜ್ಜಿ ಸೂಲಗಿತ್ತಿ. "ನಮ್ಮಮ್ಮನ ಹೆರಿಗೆಗಳೆಲ್ಲ ಮನೆಯಲ್ಲೇ ಆಗಿವೆ, ನನಗೆ ಯಾಕೆ ಆಗಬಾರದು?" ಅನ್ನುವುದು ಅವರ ಪ್ರಶ್ನೆ. ಇವರಿಗೆ ಇದು ಚೊಚ್ಚಲು. ಇನ್ನೊಬ್ಬರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವರು, ತವರುಮನೆ ಅರಸೀಕೆರೆ. ಬೆಂಗಳೂರಿನ ನ್ಯಾಚುರಲ್ ಬರ್ತ್ ಸೆಂಟರೋ, ಅಮ್ಮನ ಮನೆಗೆ ಹತ್ತಿರದ ಆಸ್ಪತ್ರೆಯೋ ಅಂತ ಗೊಂದಲ. ಮೂರನೆಯವರು ಮೂಡಿಗೆರೆ ಹತ್ತಿರದ ಕಾಫಿ ತೋಟದವರು. ಮೊದಲನೆಯದು ಸಿಸೇರಿಯನ್ ಆಗಿದೆ, ಎರಡನೆಯದಾದರೂ ನಾರ್ಮಲ್ ಆಗಲಿ ಅಂತ ಆಸೆ.

ಮೂವರಿಗೂ ಒಂದೇ ಉತ್ತರ ಇಲ್ಲ. ಆದರೆ ಮೂವರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಒಂದೇ. ಅವನ್ನು ಮೊದಲು ನೋಡೋಣ, ಆಮೇಲೆ ಒಂದೊಂದು ಜಾಗಕ್ಕೆ ಹೋಗೋಣ. ನಿಮ್ಮನ್ನು ಪರೀಕ್ಷೆ ಮಾಡಿದ ಡಾಕ್ಟರ ಮಾತು ಇದಕ್ಕಿಂತ ದೊಡ್ಡದು, ಅದು ನೆನಪಿರಲಿ.

ಮೊದಲು ನೋಡಬೇಕಾದ್ದು

ನಿಮ್ಮ ಬಸಿರಿನಲ್ಲಿ ಅಪಾಯ ಎಷ್ಟಿದೆ? ಉತ್ತರ ನಿಮ್ಮ ತಾಯಿ ಕಾರ್ಡಿನಲ್ಲೇ ಇದೆ. ಬಿ.ಪಿ. 140/90 ಮುಟ್ಟಿದೆಯಾ, ಸಕ್ಕರೆ ಬಂದಿದೆಯಾ, ಅವಳಿಯಾ, ಮಗುವಿನ ತಲೆ ಕೆಳಗಿದೆಯಾ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದೆಯಾ, ಹಿಂದೆ ಸಿಸೇರಿಯನ್ ಆಗಿದೆಯಾ, ರಕ್ತದ ಗುಂಪು ನೆಗೆಟಿವ್ವಾ, ಇವನ್ನೆಲ್ಲ ನೋಡಿ. ಹಿಮೋಗ್ಲೋಬಿನ್ 11ರ ಮೇಲಿರಬೇಕು. 7ಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ. ಅಂಥವರಿಗೆ ಬೇರೆಯವರು ತಡೆದುಕೊಳ್ಳುವಷ್ಟು ರಕ್ತ ಹೋದರೂ ಜೀವಕ್ಕೆ ಕುತ್ತು. ಕಾರ್ಡಿನಲ್ಲಿ ಇದೆಲ್ಲ ಬರೆದಿಲ್ಲ ಅಂದರೆ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗೆ ಹೋಗಿ. 2016ರಿಂದ ಆ ದಿನ ಗರ್ಭಿಣಿಯರಿಗೆಂದೇ ಡಾಕ್ಟರಿಂದ ಉಚಿತ ತಪಾಸಣೆ ನಡೆಯುತ್ತಿದೆ.

ಎರಡನೆಯದು ದಾರಿ. ಇಲ್ಲಿ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬರುವುದಿಲ್ಲ, ಹೊತ್ತಿನ ಲೆಕ್ಕ ಹಾಕಿ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ., ಹೈವೇ ಇದೆ. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿ.ಮೀ., ಪೂರ್ತಿ ತಿರುವು. ಅದೂ ಜುಲೈ–ಆಗಸ್ಟ್‌ನಲ್ಲಿ ದಿನ ತುಂಬಿದರೆ ಲೆಕ್ಕವೇ ಬದಲಾಗುತ್ತದೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿತ್ತು. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲೆ ಹತ್ತಿರ ಹೈವೇ ಮೇಲೇ ಮಣ್ಣು ಬಂದು ಕೂತಿತು. ಆಲೂರು, ಬೇಲೂರು, ಸಕಲೇಶಪುರದ ತೋಟದ ರಸ್ತೆಗಳಲ್ಲಿ ರಾತ್ರಿ ಆನೆ ನಿಂತಿದ್ದರೆ ಎಂಥ ಜೀಪಾದರೂ ಕಾಯಲೇಬೇಕು. ಕರೆಂಟ್ ಹೋದ ಮೇಲೆ ಟವರ್ ಹೋಗುತ್ತದೆ, ಟವರ್ ಹೋದ ಮೇಲೆ 108ಕ್ಕೆ ಫೋನ್ ಹೋಗುವುದಿಲ್ಲ. ಹಾಗಾಗಿ ಮಳೆಗಾಲದ ಸರಿರಾತ್ರಿಯಲ್ಲಿ, ನಿಮ್ಮ ಮನೆ ಬಾಗಿಲಿಂದ ಆಪರೇಷನ್ ಥಿಯೇಟರ್ ಮತ್ತು ರಕ್ತ ಎರಡೂ ಇರುವ ಜಾಗಕ್ಕೆ ಎಷ್ಟು ಹೊತ್ತು ಬೇಕು ಅಂತ ಈಗಲೇ ಕೂತು ಲೆಕ್ಕ ಹಾಕಿ.

ಹೊತ್ತಿಗೆ ಯಾಕೆ ಇಷ್ಟು ಬೆಲೆ ಅಂದರೆ, ಹೆರಿಗೆ ಆದಮೇಲೆ ರಕ್ತ ನಿಲ್ಲದೇ ಹೋದರೆ, ಚಿಕಿತ್ಸೆ ಸಿಗದಿದ್ದಲ್ಲಿ ಎರಡು ಗಂಟೆಯೊಳಗೆ ತಾಯಿಯ ಜೀವ ಹೋಗಬಹುದು. ಮಗುವಿನ ಲೆಕ್ಕ ಇನ್ನೂ ಬಿಗಿ. ಹತ್ತರಲ್ಲಿ ಒಂದು ಮಗುವಿಗೆ ಉಸಿರು ಶುರುವಾಗಲು ಒಂದಿಷ್ಟು ನೆರವು ಬೇಕಾಗುತ್ತದೆ. ಹೆಚ್ಚಿನವಕ್ಕೆ ಒರೆಸಿ ಬೆನ್ನು ಉಜ್ಜಿದರೆ ಸಾಕು. ಅದಕ್ಕೂ ಉಸಿರಾಡದ ಮಗುವಿಗೆ ಒಂದು ನಿಮಿಷದೊಳಗೆ ಮಾಸ್ಕ್ ಇಟ್ಟು ಗಾಳಿ ಕೊಡಬೇಕು. ಅಂದರೆ ತಾಯಿಗೆ ಬೇಕಾದ ರಕ್ತ ಸ್ವಲ್ಪ ದೂರದಲ್ಲಿದ್ದರೂ ಹೇಗೋ ತಲುಪಬಹುದು. ಮಗುವಿಗೆ ಬೇಕಾದ ಕೈ ಮಾತ್ರ ಅದೇ ಕೋಣೆಯಲ್ಲಿ ಇರಬೇಕು.

ಮೂರನೆಯದು ಪಕ್ಕದಲ್ಲಿ ಯಾರಿರುತ್ತಾರೆ ಅನ್ನುವುದು. ಇದನ್ನು ಸುಮ್ನೆ ಮನಸ್ಸಿನ ಸಮಾಧಾನ ಅಂದುಕೊಳ್ಳಬೇಡಿ. ನೋವಿನ ಹೊತ್ತಿನಲ್ಲಿ ಒಬ್ಬರು ಬಿಡದೆ ಜೊತೆಗಿದ್ದರೆ ಸಹಜ ಹೆರಿಗೆ ಜಾಸ್ತಿ ಆಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ನೋವಿನ ಹೊತ್ತೂ ಸ್ವಲ್ಪ ಚಿಕ್ಕದಾಗುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ಆ ಒಬ್ಬರು ಅಮ್ಮನೋ, ಅತ್ತಿಗೆಯೋ, ಗಂಡನೋ, ಸೂಲಗಿತ್ತಿಯೋ ಯಾರಾದರೂ ಆಗಬಹುದು.

ನಾಲ್ಕನೆಯದು, ಅಲ್ಲಿ ನಿಮ್ಮ ಮಾತು ನಡೆಯುತ್ತದಾ? ಓಡಾಡಬಹುದಾ, ನೀರು ಗಂಜಿ ಕುಡಿಯಬಹುದಾ, ಕುಕ್ಕರಗಾಲಲ್ಲೋ ಪಕ್ಕಕ್ಕೆ ಮಲಗಿಯೋ ಹೆರಬಹುದಾ? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಗಳಲ್ಲಿ ಇದೆಲ್ಲ ಇದೆ. ಎಲ್ಲರಿಗೂ ಕೆಳಗೆ ಕುಯ್ದು ಹೊಲಿಗೆ ಹಾಕುವುದು ಬೇಡ, ಮಗು ಬರಲಿ ಅಂತ ಹೊಟ್ಟೆ ಒತ್ತುವುದು ಬೇಡ, ಎನಿಮಾ ಕೊಡುವುದು, ಕೂದಲು ಬೋಳಿಸುವುದು ಬೇಡ ಅಂತಲೂ ಅದರಲ್ಲಿದೆ. ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ಬಿಟ್ಟು ಕತ್ತರಿಸಬೇಕು, ಮಗುವನ್ನು ತಾಯಿಯ ಎದೆ ಮೇಲೆ ಇಡಬೇಕು, ಮೊದಲ ಗಂಟೆಯಲ್ಲೇ ಹಾಲು ಕುಡಿಸಬೇಕು. ಸಹಜ ಹೆರಿಗೆ ಬೇಕು ಅನ್ನುವ ಹೆಂಗಸರು ಕೇಳುವುದು ಬಹುಪಾಲು ಇದನ್ನೇ ಅಲ್ವಾ?

ಕೊನೆಗೆ ಖರ್ಚು ಮತ್ತು ಬಾಣಂತನ. ಎರಡನ್ನೂ ಆಯಾ ಜಾಗದಲ್ಲಿ ಹೇಳುತ್ತೇನೆ.

ಮನೆ ಮತ್ತು ಸೂಲಗಿತ್ತಿ

ಸೂಲಗಿತ್ತಿಯರನ್ನು ಮೂಢನಂಬಿಕೆಯವರು ಅಂತ ತಳ್ಳಿಹಾಕುವ ಮಾತು ನನಗೆ ಹಿಡಿಸುವುದಿಲ್ಲ. ಪಕ್ಕದ ತುಮಕೂರು ಜಿಲ್ಲೆಯ ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು, ಒಂದಕ್ಕೂ ಕಾಸು ಕೇಳಿದವರಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ನಮ್ಮ ಕಡೆಯ ಊರುಗಳಲ್ಲೂ ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆ ಅಂತ ಹೇಳುತ್ತಿದ್ದ ಅಜ್ಜಿಯರು ಇದ್ದರು. ಅವಸರ ಮಾಡುತ್ತಿರಲಿಲ್ಲ. ನಡೆದಾಡಿಸುತ್ತಿದ್ದರು, ಬಿಸಿನೀರು ಹಾಕುತ್ತಿದ್ದರು, ಸೊಂಟ ನೀವುತ್ತಿದ್ದರು, ಕೂರಿಸಿ ಹೆರಿಸುತ್ತಿದ್ದರು. ಈಗಿನ ಸಲಹೆಗಳಲ್ಲಿರುವ ಎಷ್ಟೋ ಸಂಗತಿ ಅವರಿಗೆ ಮೊದಲೇ ಗೊತ್ತಿತ್ತು.

ಎಲ್ಲ ಒಳ್ಳೆಯದೇ ಇತ್ತು ಅಂತಲೂ ಅಲ್ಲ. ಕುದಿಸದ ಬ್ಲೇಡು, ಹೊಕ್ಕುಳಿಗೆ ಸಗಣಿ ಬೂದಿ, ಅದರಿಂದ ಮಗುವಿಗೆ ಧನುರ್ವಾಯು. ಬಸುರಿಯರಿಗೆ ಇಂಜೆಕ್ಷನ್, ಸ್ವಚ್ಛ ಹೆರಿಗೆ ಇವೆಲ್ಲ ಸೇರಿ ಈ ಕಾಯಿಲೆಯನ್ನು ಹತೋಟಿಗೆ ತಂದಿದ್ದು. ತಾಯಿ–ಮಗುವಿನ ಧನುರ್ವಾಯುವನ್ನು ಭಾರತ ನಿವಾರಿಸಿದೆ ಅಂತ ಘೋಷಣೆ ಆಗಿದ್ದು 2015ರಲ್ಲಿ.

ಈಗ ಬಾಳ್ಳುಪೇಟೆಯವರ ಪ್ರಶ್ನೆಗೆ ಬರೋಣ. ನಿಮ್ಮ ಅಮ್ಮನ ಕಾಲಕ್ಕೂ ಈಗಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 97 ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತಿವೆ. ಅಂದರೆ ಊರಿನ ಸೂಲಗಿತ್ತಿಯ ಕೈಗೆ ಈಗ ಹೆರಿಗೆಗಳೇ ಬರುತ್ತಿಲ್ಲ. ಹೆರಿಗೆ ಮಾಡಿಸಿ ಮಾಡಿಸಿಯೇ ಕೈ ಪಳಗುವುದು. ಅಜ್ಜಿ ಕಡೆಯ ಹೆರಿಗೆ ಮಾಡಿಸಿ ಎಷ್ಟು ವರ್ಷ ಆಯಿತು ಅಂತ ಅವರನ್ನೇ ಕೇಳಿ. ಅವರ ಹತ್ತಿರ ಕಲಿತ ಹೊಸಬರು ಯಾರಾದರೂ ಇದ್ದಾರಾ ಅಂತಲೂ ಕೇಳಿ.

"ಹೊರದೇಶದಲ್ಲಿ ಮನೆಯಲ್ಲೇ ಹೆರುತ್ತಾರಲ್ಲ?" ಅಂತ ಕೇಳುವವರಿದ್ದಾರೆ. ಹೌದು, ಇಂಗ್ಲೆಂಡಿನಲ್ಲಿ ಅಪಾಯ ಕಡಿಮೆ ಇರುವ 64 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿದ ಒಂದು ಅಧ್ಯಯನ 2011ರಲ್ಲಿ ಬಂತು. ಎರಡನೇ, ಮೂರನೇ ಹೆರಿಗೆಯವರಿಗೆ ಮನೆಯಲ್ಲಿ ಹೆತ್ತರೂ ಆಸ್ಪತ್ರೆಯಲ್ಲಿ ಹೆತ್ತರೂ ಮಗುವಿನ ವಿಷಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲ ಹೆರಿಗೆಯವರಲ್ಲಿ ಮಾತ್ರ ಕಂಡಿತು. ಮಗುವಿಗೆ ಗಂಭೀರ ತೊಂದರೆ ಆಗಿದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5ರಷ್ಟು, ಮನೆಯಲ್ಲಿ 9ರಷ್ಟು. ಮನೆಯಲ್ಲಿ ಶುರು ಮಾಡಿದ ಚೊಚ್ಚಲಿನವರಲ್ಲಿ ನೂರಕ್ಕೆ 45 ಜನರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಆ ಸಾಗಿಸುವ ವ್ಯವಸ್ಥೆಯೇ ಅಲ್ಲಿನ ಮನೆ ಹೆರಿಗೆಯ ಬೆನ್ನೆಲುಬು. ಮನೆಗೆ ಬರುವ ಮಿಡ್‌ವೈಫ್ ವರ್ಷಗಟ್ಟಲೆ ಓದಿದವರು, ರಕ್ತ ನಿಲ್ಲಿಸುವ ಮದ್ದು ಮತ್ತು ಮಗುವಿಗೆ ಗಾಳಿ ಕೊಡುವ ಮಾಸ್ಕ್ ಅವರ ಚೀಲದಲ್ಲೇ ಇರುತ್ತದೆ, ಆಸ್ಪತ್ರೆಯವರಿಗೆ ಮೊದಲೇ ವಿಷಯ ಗೊತ್ತಿರುತ್ತದೆ. ನಮ್ಮ ಜಿಲ್ಲೆಗಳಲ್ಲಿ ಹೀಗೆ ಮನೆಯನ್ನೂ ಆಸ್ಪತ್ರೆಯನ್ನೂ ಜೋಡಿಸುವ ಕೊಂಡಿ ಇಲ್ಲ. ಕೊಂಡಿ ಇಲ್ಲದೆ ಮನೆ ಮಾತ್ರ ಉಳಿಸಿಕೊಂಡರೆ ಅದು ಬೇರೆಯೇ ಲೆಕ್ಕ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಬೇಕಂತಲೇ ಮನೆಯಲ್ಲಿ ಹೆರಿಗೆ ಇಟ್ಟುಕೊಳ್ಳಬೇಡಿ, ಅದರಲ್ಲೂ ಚೊಚ್ಚಲು. ಖರ್ಚು ಇಲ್ಲ ಅನ್ನುವುದೂ ಈಗ ಕಾರಣವಲ್ಲ, ಸರ್ಕಾರಿ ಆಸ್ಪತ್ರೆಯಲ್ಲೂ ಖರ್ಚಿಲ್ಲ. ಅಜ್ಜಿಯನ್ನು ಬಿಡಬೇಕಿಲ್ಲ. ನೋವು ಶುರುವಾದಾಗ ಜೊತೆಗಿರಲಿ, ಆಸ್ಪತ್ರೆಗೂ ಬರಲಿ. ಹೆರಿಗೆ ಆದಮೇಲೆ ಎಣ್ಣೆ–ನೀರು, ಮಗು ಮೀಯಿಸುವುದು, ಮೊಲೆಗೆ ಮಗು ಹಿಡಿಸುವುದು, ಇದರಲ್ಲಿ ಅವರ ಕೈಯನ್ನು ಯಾವ ಆಸ್ಪತ್ರೆಯೂ ಸರಿಗಟ್ಟುವುದಿಲ್ಲ. ಒಂದೇ ಒಂದು ಎಚ್ಚರಿಕೆ. ನೋವು ಬೇಗ ಬರಲಿ ಅಂತ ಮನೆಗೇ ಬಂದು ಇಂಜೆಕ್ಷನ್ ಚುಚ್ಚುತ್ತೇನೆ ಅನ್ನುವವರು ಯಾರೇ ಆಗಲಿ, ಹೊಸ್ತಿಲು ದಾಟಿಸಬೇಡಿ. ಆ ಮದ್ದು ಹೆಚ್ಚಾದರೆ ಗರ್ಭಕೋಶವೇ ಹರಿಯಬಹುದು, ಮಗುವಿಗೆ ಉಸಿರು ಕಟ್ಟಬಹುದು.

ಪ್ರಾಥಮಿಕ ಆರೋಗ್ಯ ಕೇಂದ್ರ

24 ಗಂಟೆ ತೆರೆದಿರುವ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್‌ಗಳೇ ಹೆರಿಗೆ ಮಾಡಿಸುತ್ತಾರೆ. ಮನೆಗೆ ಹತ್ತಿರ, ಮುಖ ಪರಿಚಯ, ಗದ್ದಲ ಇಲ್ಲ. ರಕ್ತ ನಿಲ್ಲಿಸುವ ಇಂಜೆಕ್ಷನ್, ಮಗುವಿಗೆ ಗಾಳಿ ಕೊಡುವ ಮಾಸ್ಕ್ ಅಲ್ಲಿರಬೇಕು. ಇಲ್ಲದಿರುವುದು ಆಪರೇಷನ್ ಮತ್ತು ರಕ್ತ. ಮೊದಲ ಹೆರಿಗೆ ಸಲೀಸಾಗಿ ಆದವರಿಗೆ, ಕಾರ್ಡಿನಲ್ಲಿ ಯಾವ ಕೆಂಪು ಗುರುತೂ ಇಲ್ಲದವರಿಗೆ, ದೊಡ್ಡಾಸ್ಪತ್ರೆ ಒಂದು ಗಂಟೆಯೊಳಗೆ ಸಿಗುವವರಿಗೆ ಇದು ಚೆನ್ನಾಗಿಯೇ ಆಗುತ್ತದೆ.

ಆದರೆ ಹೋಗಿ ಎರಡು ವಿಷಯ ವಿಚಾರಿಸಿ. ರಾತ್ರಿ ಸಿಸ್ಟರ್ ಅಲ್ಲೇ ಇರುತ್ತಾರಾ? ಕಳೆದ ತಿಂಗಳು ಅಲ್ಲಿ ಎಷ್ಟು ಹೆರಿಗೆ ಆಗಿವೆ? ತಿಂಗಳಿಗೆ ಒಂದೋ ಎರಡೋ ಅಂದರೆ ಸೂಲಗಿತ್ತಿಗೆ ಹೇಳಿದ ಮಾತೇ ಇಲ್ಲಿಗೂ. ಕೈ ಬಳಕೆಯಲ್ಲಿರಬೇಕು.

ತಾಲ್ಲೂಕು ಆಸ್ಪತ್ರೆ

ಎರಡೂ ಜಿಲ್ಲೆಗಳ ಬಹಳಷ್ಟು ಜನರಿಗೆ ಇದೇ ಸರಿಯಾದ ನಡುದಾರಿ ಅಂತ ನನಗನಿಸುತ್ತದೆ. ಸ್ತ್ರೀರೋಗ ತಜ್ಞರು, ಮಕ್ಕಳ ಡಾಕ್ಟರು, ಅರಿವಳಿಕೆ ಡಾಕ್ಟರು ಮೂವರ ಹುದ್ದೆಯೂ ಇರುತ್ತದೆ. ಥಿಯೇಟರ್ ಇರುತ್ತದೆ. ಹುದ್ದೆ ಇದೆ ಅಂದರೆ ಆಳು ಇದ್ದಾರೆ ಅಂತಲ್ಲ, ಅದೇ ತೊಡಕು. ಅರಿವಳಿಕೆ ಡಾಕ್ಟರ್ ರಜೆಯಲ್ಲಿದ್ದರೆ ಸಿಸೇರಿಯನ್ ಆಗುವುದಿಲ್ಲ, "ಹಾಸನಕ್ಕೆ ಹೋಗಿ" ಅಂತ ಚೀಟಿ ಬರೆಯುತ್ತಾರೆ. ನೋವಿನಲ್ಲಿರುವ ಹೆಂಗಸನ್ನು ಹಾಗೆ ಸಾಗಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ.

ಆದ್ದರಿಂದ ಏಳನೇ ತಿಂಗಳಲ್ಲೇ ಹೋಗಿ ಸಿಸ್ಟರನ್ನು ನೇರವಾಗಿ ಕೇಳಿ: "ರಾತ್ರಿ ಹೊತ್ತು, ಭಾನುವಾರ ಇಲ್ಲಿ ಸಿಸೇರಿಯನ್ ಆಗುತ್ತಾ ಸಿಸ್ಟರ್? ರಕ್ತ ಇಲ್ಲೇ ಇಟ್ಟಿರ್ತೀರಾ?" ಅವರು ಸುಳ್ಳು ಹೇಳುವುದಿಲ್ಲ. ಇಲ್ಲ ಅಂದರೆ, ನಿಮ್ಮದು ಚೊಚ್ಚಲಾದರೆ ಮೊದಲೇ ಜಿಲ್ಲಾ ಆಸ್ಪತ್ರೆಯ ಕಡೆ ನೋಡಿ. ಆಗುತ್ತೆ ಅಂದರೆ ಚೊಚ್ಚಲಿಗೂ ಸರಿಯೇ.

ಖರ್ಚಿನ ವಿಷಯ ಎಲ್ಲ ಸರ್ಕಾರಿ ಆಸ್ಪತ್ರೆಗೂ ಒಂದೇ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ ಎಲ್ಲ ಉಚಿತ. ಊಟವೂ ಉಂಟು, ನಾರ್ಮಲ್ ಆದರೆ 3 ದಿನ, ಸಿಸೇರಿಯನ್ ಆದರೆ 7 ದಿನ. ಮನೆಯಿಂದ ಕರೆತರುವುದು, ಬೇರೆ ಆಸ್ಪತ್ರೆಗೆ ಸಾಗಿಸುವುದು, ವಾಪಸ್ ಬಿಡುವುದು ಕೂಡ ಅದರಲ್ಲೇ ಬರುತ್ತದೆ. ಕೆಲವು ಕಡೆ ಗಂಡು ಮಗು ಆದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ಕೈಚಾಚುವವರು ಇದ್ದಾರೆ. ಕೊಡಬೇಕಾಗಿಲ್ಲ, 104ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಹೆರಿಗೆ ಕೋಣೆಯೊಳಗೆ ಒಬ್ಬ ಹೆಂಗಸು ಜೊತೆಗಿರಲು ಸರ್ಕಾರಿ ಆಸ್ಪತ್ರೆಗಳಲ್ಲೂ ಅವಕಾಶ ಇದೆ. ಕೇಳದಿದ್ದರೆ ಹೊರಗೇ ಕೂರಿಸುತ್ತಾರೆ, ಆದ್ದರಿಂದ ಕೇಳಿ.

ಜಿಲ್ಲಾ ಆಸ್ಪತ್ರೆ

ಹಾಸನದಲ್ಲಿ ಮೆಡಿಕಲ್ ಕಾಲೇಜಿಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ಬಿ.ಪಿ., ಅವಳಿ, ಹಿಂದಿನ ಸಿಸೇರಿಯನ್, ತಿಂಗಳು ತುಂಬದ ಹೆರಿಗೆ, ಇಂಥವಕ್ಕೆ ಕಾಸಿಲ್ಲದೆ ಸಿಗುವ ಗಟ್ಟಿ ಜಾಗ ಇವೇ. ರಕ್ತನಿಧಿ, ನವಜಾತ ಶಿಶುಗಳ ಘಟಕ, ಹಗಲು ರಾತ್ರಿ ಡಾಕ್ಟರು ಇರುತ್ತಾರೆ.

ಇಲ್ಲಿ ಬಿಟ್ಟುಕೊಡಬೇಕಾದ್ದು ಏಕಾಂತ. ಗದ್ದಲ ಜಾಸ್ತಿ, ಹಾಸನದಲ್ಲಿ ಕಲಿಯುವ ಹುಡುಗ ಹುಡುಗಿಯರೂ ಬಂದು ನೋಡುತ್ತಾರೆ. ಒಬ್ಬರಾದಮೇಲೆ ಒಬ್ಬರು ಒಳಗೆ ಕೈ ಹಾಕಿ ನೋಡುವುದು ಕಷ್ಟವಾದರೆ "ಈಗ ತಾನೇ ನೋಡಿದರು, ಮತ್ತೆ ಯಾಕೆ?" ಅಂತ ಕೇಳುವ ಹಕ್ಕು ನಿಮಗಿದೆ. ಬೈಗುಳ ಕೇಳಿಸಿಕೊಂಡ ಹೆಂಗಸರೂ ಇದ್ದಾರೆ, ಪ್ರೀತಿಯಿಂದ ನೋಡಿಕೊಂಡ ಸಿಸ್ಟರ ಹೆಸರನ್ನು ಮಗುವಿಗೆ ಇಟ್ಟವರೂ ಇದ್ದಾರೆ. ಆ ದಿನದ ಶಿಫ್ಟಿನ ಮೇಲೆ ಹೋಗುತ್ತದೆ. ಗಟ್ಟಿಗಿತ್ತಿ ಅತ್ತಿಗೆಯೋ ಚಿಕ್ಕಮ್ಮನೋ ಜೊತೆಗಿದ್ದರೆ ಅರ್ಧ ಸಮಸ್ಯೆ ತೀರುತ್ತದೆ.

ಕೊಪ್ಪ, ಶೃಂಗೇರಿ, ಎನ್.ಆರ್. ಪುರದವರು ಜಿಲ್ಲೆಯ ಗಡಿ ಮರೆತು ಯೋಚಿಸಿ. ನಿಮಗೆ ಶಿವಮೊಗ್ಗ ಇಲ್ಲವೇ ಮಣಿಪಾಲದ ದಾರಿಯೇ ಸುಲಭ ಆಗಬಹುದು. ಮಳೆಗಾಲದಲ್ಲಿ ದಿನ ತುಂಬುವವರು ಕೊನೇ ಒಂದೆರಡು ವಾರ ಪೇಟೆಯ ನೆಂಟರ ಮನೆಯಲ್ಲಿ ಉಳಿದುಕೊಳ್ಳುವುದು ಒಳ್ಳೆಯದು. ಇದು ಹಳೇ ಕಾಲದ ಮಲೆನಾಡಿನವರೂ ಮಾಡುತ್ತಿದ್ದ ಕೆಲಸವೇ.

ಖಾಸಗಿ ನರ್ಸಿಂಗ್ ಹೋಮ್

ಒಂಬತ್ತು ತಿಂಗಳೂ ಒಬ್ಬರೇ ಡಾಕ್ಟರ್, ಸ್ವಂತ ರೂಮು, ಅಮ್ಮ ಪಕ್ಕದಲ್ಲೇ ಮಲಗಬಹುದು. ಕೈಯಲ್ಲಿ ಕಾಸಿರುವವರು ಇದನ್ನು ಆರಿಸುವುದು ಸಹಜ. ಆದರೆ ಸಹಜ ಹೆರಿಗೆ ಬೇಕು ಅನ್ನುವವರು ಅತಿ ಹೆಚ್ಚು ಪ್ರಶ್ನೆ ಕೇಳಬೇಕಾದ್ದೂ ಇಲ್ಲೇ. ಅದೇ 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಹೆರಿಗೆಗಳಲ್ಲಿ ಸಿಸೇರಿಯನ್ ನೂರಕ್ಕೆ ಸುಮಾರು 31. ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ ಅದು ಅರ್ಧವನ್ನೇ ದಾಟುತ್ತದೆ. ಒಂದು ಜನಸಮುದಾಯದಲ್ಲಿ ಸಿಸೇರಿಯನ್ ನೂರಕ್ಕೆ 10 ದಾಟಿದ ಮೇಲೆ ಸಾವು ಕಡಿಮೆಯಾಗಿದ್ದು ಕಂಡಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿತ್ತು.

ಎಲ್ಲ ದುಡ್ಡಿನಾಸೆ ಅಂತ ನಾನು ಹೇಳುವುದಿಲ್ಲ. ಸಣ್ಣ ಊರಿನ ನರ್ಸಿಂಗ್ ಹೋಮಿನಲ್ಲಿ ಒಬ್ಬರೇ ಡಾಕ್ಟರ್. ಅರಿವಳಿಕೆ ಡಾಕ್ಟರನ್ನು ಹೊರಗಿನಿಂದ ಕರೆಸಬೇಕು. ರಾತ್ರಿ ಮೂರು ಗಂಟೆಗೆ ಅವರು ಸಿಗುತ್ತಾರೋ ಇಲ್ಲವೋ ಅನ್ನುವ ಭಯಕ್ಕೆ ಸಂಜೆ ಆರಕ್ಕೇ ಆಪರೇಷನ್ ಮುಗಿಸಿಬಿಡುತ್ತಾರೆ. ಹೆಚ್ಚು ಕಮ್ಮಿ ಆದರೆ ಜನ ಗಲಾಟೆಗೆ ಬರುತ್ತಾರೆ ಅನ್ನುವ ಹೆದರಿಕೆ ಬೇರೆ. ಒಳ್ಳೇ ಮುಹೂರ್ತ ನೋಡಿಕೊಂಡು "ಇಂಥ ದಿನವೇ ತೆಗೆದುಬಿಡಿ ಡಾಕ್ಟ್ರೇ" ಅನ್ನುವ ಮನೆಯವರೂ ಕಡಿಮೆ ಇಲ್ಲ.

ಐದಾರು ತಿಂಗಳಿಗೇ ಕೇಳಿಬಿಡಿ. ಚೊಚ್ಚಲ ಹೆರಿಗೆಗೆ ಬಂದವರಲ್ಲಿ ಎಷ್ಟು ಜನಕ್ಕೆ ಸಿಸೇರಿಯನ್ ಆಗುತ್ತದೆ? ದಿನ ತುಂಬಿದ ಮೇಲೆ ಎಷ್ಟು ದಿನ ಕಾಯುತ್ತೀರಿ? ನೋವು ಬರುವಾಗ ಓಡಾಡಲು ಬಿಡುತ್ತೀರಾ, ಡ್ರಿಪ್ಸ್ ಹಾಕಿ ಮಲಗಿಸುತ್ತೀರಾ? ಎಲ್ಲರಿಗೂ ಹೊಲಿಗೆ ಬೀಳುತ್ತದಾ? ನೀವಿಲ್ಲದ ದಿನ ಯಾರು ನೋಡುತ್ತಾರೆ? ಮಗುವಿಗೆ ತೊಂದರೆಯಾದರೆ ಎಲ್ಲಿಗೆ ಕಳಿಸುತ್ತೀರಿ? ಸಿಡುಕದೆ ಉತ್ತರ ಕೊಟ್ಟರೆ ಅಲ್ಲಿಗೆ ಹೋಗಿ. "ಅದೆಲ್ಲ ನಿಮಗ್ಯಾಕಮ್ಮ" ಅಂದರೆ ಇನ್ನೊಂದು ಕಡೆ ನೋಡಿ, ಇನ್ನೂ ಟೈಮಿದೆ.

ದುಡ್ಡಿನ ವಿಷಯ ಬರವಣಿಗೆಯಲ್ಲಿ ಕೇಳಿ. ಪ್ಯಾಕೇಜಿನಲ್ಲಿ ರೂಮು, ಔಷಧಿ, ಅರಿವಳಿಕೆ ಡಾಕ್ಟರ ಫೀಸು, ಮಕ್ಕಳ ಡಾಕ್ಟರ ಫೀಸು ಸೇರಿದೆಯಾ? ನಾರ್ಮಲ್‌ಗೆ ಎಷ್ಟು, ಸಿಸೇರಿಯನ್‌ಗೆ ಎಷ್ಟು? ನಿಮ್ಮ ಬಜೆಟ್ಟು ನಾರ್ಮಲ್‌ಗೆ ಮಾತ್ರ ಸಾಲುವಂತಿದ್ದರೆ ಖಾಸಗಿಗೆ ಹೋಗಬೇಡಿ. ಸಿಸೇರಿಯನ್ ಬಿಲ್ಲಿಗೂ, ಮಗು ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದರೆ ಬರುವ ಬಿಲ್ಲಿಗೂ ಸಾಲುವಷ್ಟು ಇಟ್ಟುಕೊಂಡೇ ಹೋಗಿ. ಆಫೀಸಿನ ಇನ್ಶೂರೆನ್ಸ್ ಇದ್ದರೆ ಹೆರಿಗೆಗೆ ಮಿತಿ ಎಷ್ಟು ಅಂತ ಈಗಲೇ ನೋಡಿ.

ಬೆಂಗಳೂರಿನ ನ್ಯಾಚುರಲ್ ಬರ್ತ್ ಸೆಂಟರ್

ಬೆಂಗಳೂರು, ಹೈದರಾಬಾದ್, ಕೊಚ್ಚಿಯಂಥ ಊರುಗಳಲ್ಲಿ ಮಿಡ್‌ವೈಫ್‌ಗಳೇ ಮುಂದೆ ನಿಂತು ಹೆರಿಗೆ ಮಾಡಿಸುವ ಕೇಂದ್ರಗಳಿವೆ. ಬಿಸಿನೀರಿನ ತೊಟ್ಟಿ, ಮಂದ ಬೆಳಕು, ಗಂಡ ಪಕ್ಕದಲ್ಲೇ. ನೋವಿನ ಹೊತ್ತೆಲ್ಲ ಒಬ್ಬರು ನಿಮ್ಮ ಜೊತೆಗೇ ಇರುತ್ತಾರೆ, ಇದೇ ಅದರ ಹೆಚ್ಚುಗಾರಿಕೆ. ಅಲ್ಲಿ ಹೆತ್ತವರ ಮಾತಿನಲ್ಲಿ ನೋವಿನ ಕಥೆಗಿಂತ "ನನ್ನನ್ನು ಕೇಳದೆ ಏನೂ ಮಾಡಲಿಲ್ಲ" ಅನ್ನುವುದೇ ಜಾಸ್ತಿ ಇರುತ್ತದೆ.

ಕೇಂದ್ರ ಆರಿಸುವಾಗ ತೊಟ್ಟಿಯ ಫೋಟೋ ನೋಡಬೇಡಿ. ಥಿಯೇಟರ್ ಅದೇ ಕಟ್ಟಡದಲ್ಲಿದೆಯಾ, ಇಲ್ಲದಿದ್ದರೆ ಯಾವ ಆಸ್ಪತ್ರೆಯ ಜೊತೆ ಒಪ್ಪಂದ ಇದೆ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅಲ್ಲಿಗೆ ಎಷ್ಟು ಹೊತ್ತು ಅಂತ ಕೇಳಿ. ಮಿಡ್‌ವೈಫ್ ಏನು ಓದಿದ್ದಾರೆ ಅಂತಲೂ ಕೇಳಿ. ಡೂಲಾ ಬೇರೆ, ಮಿಡ್‌ವೈಫ್ ಬೇರೆ. ಡೂಲಾ ಧೈರ್ಯ ಹೇಳಿ ಸೊಂಟ ನೀವುವವರು, ಹೆರಿಗೆ ಮಾಡಿಸುವವರಲ್ಲ. ಸರ್ಕಾರವೂ 2018ರಲ್ಲಿ ನರ್ಸ್‌ಗಳಿಗೆ 18 ತಿಂಗಳ ಮಿಡ್‌ವೈಫರಿ ತರಬೇತಿ ಕೊಡುವ ಯೋಜನೆ ಮಾಡಿದೆ. ಅದು ಸರಿಯಾಗಿ ನಡೆದರೆ ಮುಂದೆ ಈ ಅನುಭವಕ್ಕೆ ಬೆಂಗಳೂರಿಗೇ ಹೋಗಬೇಕಾಗುವುದಿಲ್ಲ.

ಇಲ್ಲಿನ ತೊಡಕು ಬಾಣಂತನ. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಅಮ್ಮ ಬಂದು ತಿಂಗಳುಗಟ್ಟಲೆ ಇರಬೇಕು. ಹಂಡೆ ಇಲ್ಲ, ಸೌದೆ ಇಲ್ಲ, ಅಪ್ಪನಿಗೆ ಊರಲ್ಲಿ ಅಡುಗೆ ಮಾಡಿ ಹಾಕುವವರಿಲ್ಲ. ಊರಿಗೆ ಬರಬೇಕು ಅಂದರೆ ಹಸಿ ಬಾಣಂತಿಗೆ ನಾಲ್ಕೈದು ಗಂಟೆ ಕಾರಿನ ಪ್ರಯಾಣ.

ಹಾಗಾದರೆ ಯಾರಿಗೆ ಯಾವುದು?

ಅರಸೀಕೆರೆಯವರಿಗೆ: ನಿಮಗೆ ಬೇಕಾದ್ದು ತೊಟ್ಟಿಯಾ, ಗೌರವವಾ ಅಂತ ಯೋಚಿಸಿ. ಓಡಾಡುವುದು, ಜೊತೆಗೊಬ್ಬರು, ಬೇಡದ ಕತ್ತರಿ ಇಲ್ಲದಿರುವುದು, ಇಷ್ಟೇ ಆದರೆ ಹಾಸನದಲ್ಲಿ ಹೇಳಿದ ಮಾತು ಕೇಳುವ ಡಾಕ್ಟರನ್ನು ಹುಡುಕಿಕೊಳ್ಳಬಹುದು, ಅಮ್ಮನ ಮನೆಯೂ ಹತ್ತಿರ. ಬರುವುದಾದರೆ 36ನೇ ವಾರದೊಳಗೆ ಬನ್ನಿ, ಹೊಸ ಡಾಕ್ಟರಿಗೆ ನಿಮ್ಮ ಪರಿಚಯ ಆಗಬೇಕು. ಕೈಯಲ್ಲಿ ಹಣ ಇದ್ದು, ಅಮ್ಮ ಬೆಂಗಳೂರಿಗೆ ಬರಲು ಒಪ್ಪಿದರೆ ಸೆಂಟರೂ ಒಳ್ಳೆಯದೇ.

ಮೂಡಿಗೆರೆಯವರಿಗೆ: ಸಿಸೇರಿಯನ್ ಆದಮೇಲೆ ನಾರ್ಮಲ್‌ಗೆ ಪ್ರಯತ್ನಿಸಿದವರಲ್ಲಿ ನೂರಕ್ಕೆ 60ರಿಂದ 80 ಜನಕ್ಕೆ ಆಗುತ್ತದೆ. ಆದರೆ ಹಳೇ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ ಇರುತ್ತದೆ. ಬಿಟ್ಟುಕೊಂಡರೆ ತಕ್ಷಣ ಆಪರೇಷನ್ ಆಗಬೇಕು. ಆದ್ದರಿಂದ ಮನೆ, ಆರೋಗ್ಯ ಕೇಂದ್ರ, ರಾತ್ರಿ ಥಿಯೇಟರ್ ನಡೆಯದ ಆಸ್ಪತ್ರೆ, ಮೂರೂ ನಿಮಗೆ ಬೇಡ. ಹಳೇ ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಜಿಲ್ಲಾ ಆಸ್ಪತ್ರೆಗೋ, ಹಗಲು ರಾತ್ರಿ ಎಲ್ಲ ಡಾಕ್ಟರೂ ಇರುವ ದೊಡ್ಡ ಖಾಸಗಿ ಆಸ್ಪತ್ರೆಗೋ ಹೋಗಿ. ಹಿಂದೆ ಯಾಕೆ ಕುಯ್ದರು, ಹೇಗೆ ಕುಯ್ದರು ಅನ್ನುವುದು ಆ ಚೀಟಿಯಲ್ಲಿರುತ್ತದೆ, ಡಾಕ್ಟರು ಅದನ್ನೇ ಮೊದಲು ಕೇಳುವುದು.

ಬಾಳ್ಳುಪೇಟೆಯವರಿಗೆ: ಸಕಲೇಶಪುರದಲ್ಲಿ ರಾತ್ರಿ ಸಿಸೇರಿಯನ್ ಆಗುತ್ತೆ ಅಂದರೆ ಅಲ್ಲಿ, ಇಲ್ಲವೆಂದರೆ ಹಾಸನ. ಅಜ್ಜಿಯನ್ನು ಕರೆದುಕೊಂಡೇ ಹೋಗಿ. ನಿಮ್ಮದು ನೆಗೆಟಿವ್ ರಕ್ತ ಆಗಿದ್ದರೆ ಒಂದು ಮಾತು ಜಾಸ್ತಿ: ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕು, ಮುಂದಿನ ಮಗುವಿನ ಜೀವ ಅದರ ಮೇಲಿದೆ.

ದಾರಿಯಲ್ಲೇ ಆಗಿಬಿಟ್ಟರೆ

ಎಷ್ಟೇ ಯೋಚಿಸಿದರೂ ಕೆಲವು ಮಕ್ಕಳು ಜೀಪಿನಲ್ಲೋ ಲೈನ್ ಮನೆಯಲ್ಲೋ ಹುಟ್ಟಿಬಿಡುತ್ತವೆ, ಎರಡನೇ ಮೂರನೇ ಹೆರಿಗೆಯಲ್ಲಿ ಜಾಸ್ತಿ. 108ಕ್ಕೆ ಫೋನ್ ಮಾಡಿ, ಜೀಪಾದರೆ ಪಕ್ಕಕ್ಕೆ ನಿಲ್ಲಿಸಿ. ಮಗುವನ್ನು ಎಳೆಯಬೇಡಿ, ಹೊಟ್ಟೆ ಒತ್ತಬೇಡಿ. ತಾನಾಗಿ ಬರುವ ಮಗುವನ್ನು ಕೈಯೊಡ್ಡಿ ಹಿಡಿದರೆ ಸಾಕು. ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಅಳದಿದ್ದರೆ ಬೆನ್ನು ಉಜ್ಜಿ. ತಾಯಿಯ ಎದೆಗೆ ಮೈಗೆ ಮೈ ತಾಕುವಂತೆ ಮಲಗಿಸಿ ಇಬ್ಬರ ಮೇಲೂ ಕಂಬಳಿ ಹೊದಿಸಿ, ಮಗುವಿನ ತಲೆಯೂ ಮುಚ್ಚಿರಲಿ, ಮುಖ ಮಾತ್ರ ಕಾಣುತ್ತಿರಲಿ. ಮೊಲೆ ಬಾಯಿಗೆ ಕೊಡಿ. ಬಳ್ಳಿ ಕತ್ತರಿಸಲು ಅವಸರ ಪಡಬೇಡಿ, ಆಂಬುಲೆನ್ಸಿನವರು ಬಂದು ಕತ್ತರಿಸಲಿ. ಬಳ್ಳಿ ಹಿಡಿದು ಮಾಸನ್ನು ಎಳೆಯುವುದಂತೂ ಬೇಡವೇ ಬೇಡ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದೇ ಬರುತ್ತದೆ. ಬಂದ ಮೇಲೆ ಹೊಕ್ಕುಳ ಕೆಳಗೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗುವವರೆಗೆ ತಿಕ್ಕುತ್ತಿರಿ. ಬಟ್ಟೆ ಮೇಲೆ ಬಟ್ಟೆ ಒದ್ದೆಯಾಗುತ್ತಿದ್ದರೆ, ತಾಯಿಗೆ ಕಣ್ಣು ಕತ್ತಲೆ ಬಂದರೆ, ಯಾರಿಗೂ ಕಾಯದೆ ಸಿಕ್ಕ ವಾಹನದಲ್ಲೇ ಹೊರಡಿ. ಮಾಸನ್ನು ಎಲ್ಲೂ ಹೂಳಬೇಡಿ, ಒಂದು ಕವರಿಗೆ ಹಾಕಿ ಜೊತೆಗೇ ತನ್ನಿ. ತುಂಡು ಒಳಗೆ ಉಳಿದಿದೆಯಾ ಅಂತ ಡಾಕ್ಟರು ಅದನ್ನು ನೋಡಿಯೇ ಹೇಳಬೇಕು.